ಹನ್ನೊಂದರಿಂದ ಭಾಗಿಸಿದರೆ

ಧಾರವಾಡ, 9 ಜನವರಿ 2023

ಮಂದಾಕಿನಿ ಅವರಿಗೆ,

ಬಿಂದುಮಾಧವ ಎಂಬ ನಾನು, ವಯಸ್ಸು ಅರವತ್ತಮೂರು, ಬುದ್ಧಿ ಸ್ಥಿಮಿತದಲ್ಲಿರುವಾಗ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಶುಕ್ರವಾರ ಹಾಡಹಗಲೇ ಕಳ್ಳತನ ಮಾಡಿದ್ದೇನೆ. ಮಾಲು ಒಂದು ಹಾಳೆ. ತೂಕ ಐದು ಗ್ರಾಂ. ಧೂಳು ಸೇರಿದರೆ ಆರು.

ನಾವಿಬ್ಬರೂ ಬಿ.ಎಸ್ಸಿ. ಓದಿದ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿಯೇ ನಾನು ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತನಾದೆ. ಅಲ್ಲಿನ ಹಳೆಯ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ, ಯಾವುದನ್ನು ಇಡಬೇಕು ಯಾವುದನ್ನು ಬಿಡಬೇಕು ಎಂದು ಹೇಳಲು ನನ್ನನ್ನು ಕರೆಸಿದ್ದರು. ಸಿಪಾಯಿ ಶಾಂತಯ್ಯ ಒಂದೊಂದೇ ಗಂಟು ಎತ್ತಿ ಹಿಡಿದು ಕೇಳುತ್ತಿದ್ದ: "ಸರ್, ಇದು ಇತಿಹಾಸೋ ರದ್ದಿನೋ? ಲಗೂ ಹೇಳ್ರಿ, ಗಾಡಿ ನಿಂತೇತಿ." 1981ರ ಗಂಟು ಬಂದಾಗ ನಾನು "ರದ್ದಿ" ಅಂದೆ, ಮತ್ತು ಇತಿಹಾಸವನ್ನು ಅಂಗಿಯ ಒಳಗೆ ಸೇರಿಸಿಕೊಂಡೆ.

ಅದು ನಮ್ಮ ಅಂತಿಮ ವರ್ಷದ ಆಸನಪಟ್ಟಿ. ನೆನಪಿದೆಯಲ್ಲ, ಆಗ ಹುಡುಗಿಯರ ಹೆಸರು ಮೊದಲು, ಹುಡುಗರದು ಆಮೇಲೆ. ಎರಡೂ ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ. ನಾಲ್ಕು ಹುಡುಗಿಯರಲ್ಲಿ ಕೊನೆಯವರು ನೀವು: 14142. ಹುಡುಗರಲ್ಲಿ ಮೊದಲನೆಯವನು, 14143, ಈ ಪತ್ರ ಬರೆಯುತ್ತಿರುವ ಕಳ್ಳ. ಜೀವನದಲ್ಲಿ ನಾನು ಯಾವುದರಲ್ಲಾದರೂ ಮೊದಲಿಗನಾದದ್ದು ಅದೊಂದೇ ಸಲ. ಏಳು ಪೇಪರೂ ನಿಮ್ಮ ಪಕ್ಕದ ಬಾಕಿನಲ್ಲಿ ಕುಳಿತಿದ್ದೆ. ನೀವು ಪೆನ್ನು ಜಾಡಿಸಿದಾಗ ಒಂದು ಹನಿ ಮಸಿ ನನ್ನ ತೋಳಿಗೆ ಬಿತ್ತು. ಆ ಅಂಗಿ ಇನ್ನೂ ಇದೆ. ಒಳಗೆ ಹಿಡಿಯುವ ಮನುಷ್ಯ ಮಾತ್ರ ಬದಲಾಗಿದ್ದಾನೆ.

ಈಗ ಮುಖ್ಯ ವಿಷಯ. ನಮ್ಮ ಎರಡೂ ಸಂಖ್ಯೆಗಳನ್ನು ಒಂದಕ್ಕೊಂದು ಒತ್ತಿ ಬರೆದೆ: 1414214143. ನೂರಾ ನಲವತ್ತೊಂದು ಕೋಟಿ ಚಿಲ್ಲರೆ. ಹೆಚ್ಚೂಕಡಿಮೆ ದೇಶದ ಜನಸಂಖ್ಯೆ. ನೋಡಿದರೆ ಅವಿಭಾಜ್ಯದ ಕಳೆ ಇದೆ: ಒಂದು ಮತ್ತು ತಾನು, ಇಬ್ಬರನ್ನು ಬಿಟ್ಟರೆ ಬೇರೆ ಯಾರೂ ಇದನ್ನು ಸಮನಾಗಿ ಭಾಗಿಸಲಾರರು. ಖಾತ್ರಿಯಾಗಬೇಕಾದರೆ 37606ರ ಒಳಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅವು ಸುಮಾರು ನಾಲ್ಕು ಸಾವಿರ. ದಿನಕ್ಕೆ ಹತ್ತು, ನಾನೂರು ದಿನ. ಕೈಯಿಂದಲೇ ಮಾಡುವವನು, ಯಂತ್ರ ಮುಟ್ಟುವವನಲ್ಲ. ಇನ್ನೂರು ಹಾಳೆಯ ವಹಿ ತಂದು, ಪ್ರತಿ ಹಾಳೆಯ ಮುಂಬದಿಯ ತಲೆಗೆ ಒಂದೊಂದು ಭಾಜಕ ಬರೆದಿಟ್ಟುಕೊಂಡಿದ್ದೇನೆ. ಆಗಾಗ ವರದಿ ಕಳಿಸಬಹುದೇ?

ನೀವು ಹುಬ್ಬಳ್ಳಿಯಲ್ಲಿ ಹೈಸ್ಕೂಲಿನ ಗಣಿತದ ಅಕ್ಕೋರಾಗಿ ನಿವೃತ್ತರಾದಿರೆಂದು ಪೆನ್ಶನ್ ಸಂಘದ ಪಟ್ಟಿ ಹೇಳಿತು, ವಿಳಾಸವೂ ಅಲ್ಲಿಯದೇ. ಫೋನ್ ನಂಬರಿನ ಜಾಗ ಖಾಲಿ ಇತ್ತು. ನನ್ನದು ಹಿಂಬದಿಯಲ್ಲಿದೆ. ನಿಮ್ಮದನ್ನು ತಿಳಿಸಿರಿ.

ನಿಮ್ಮ ಪಕ್ಕದ ಬಾಕಿನ,
ಬಿಂದುಮಾಧವ


ದೇಶಪಾಂಡೆ ನಗರ, ಹುಬ್ಬಳ್ಳಿ, 30 ಜನವರಿ 2023

ಬಿಂದುಮಾಧವ ಅವರಿಗೆ,

ಕಳ್ಳಮಾಲಿನ ಸುದ್ದಿ ತಿಳಿದೂ ಸುಮ್ಮನಿರುವುದು ಅಪರಾಧವೋ ಅಲ್ಲವೋ ಎಂದು ಯೋಚಿಸುತ್ತ ಉತ್ತರ ತಡವಾಯಿತು.

ಹನ್ನೊಂದರ ಪುಟದಲ್ಲಿ ನೀವು ವ್ಯರ್ಥ ಬೆವರು ಸುರಿಸಿರಬೇಕು. 14142ನ್ನು ಎರಡು ಸಲ ಒತ್ತಿ ಬರೆದರೆ, ಅದನ್ನು ಒಂದು ಲಕ್ಷದ ಒಂದರಿಂದ ಗುಣಿಸಿದಂತಾಯಿತು. ಒಂದು ಲಕ್ಷದ ಒಂದು, ಹನ್ನೊಂದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಎರಡನೆಯ ಸಂಖ್ಯೆ ಒಂದು ಹೆಚ್ಚಾದರೆ, ಆ ಒಂದು ಮಾತ್ರ ಹೊರಗೆ ಉಳಿಯುತ್ತದೆ. ಯಾವ ಇಬ್ಬರು ನೆರೆಹೊರೆಯವರನ್ನು ಹೀಗೆ ಕೂಡಿಸಿದರೂ ಹನ್ನೊಂದರಿಂದ ಭಾಗಿಸಿದಾಗ ಉಳಿಯುವುದು ಒಂದೇ. ಭಾಗಿಸುವ ಮೊದಲೇ ಗೊತ್ತಾಗುವ ಶೇಷ ಇದು.

ನನ್ನ ಸಂಖ್ಯೆಯನ್ನು ನಾನು ಮರೆತಿಲ್ಲ. 14142ರಲ್ಲಿ ಮೊದಲ ಅಂಕಿಯ ಆಚೆ ಒಂದು ಬಿಂದು ಇಟ್ಟರೆ ಎರಡರ ವರ್ಗಮೂಲ. ಹಾಲ್ ಟಿಕೆಟ್ ಕೈಗೆ ಬಂದಾಗಲೇ ಅದನ್ನು ನೋಡಿ ಸಂತೋಷಪಟ್ಟಿದ್ದೆ. ಪಕ್ಕದಲ್ಲಿ ಯಾರಿದ್ದರೆಂಬುದು ನೆನಪಾಗಲಿಲ್ಲ. ಕ್ಷಮೆಯಿರಲಿ.

ಫೋನು ಬೇಡ. ವರದಿ ಕಳಿಸಿರಿ.

ಮಂದಾಕಿನಿ


ಧಾರವಾಡ, 4 ಫೆಬ್ರುವರಿ 2023

ಮಂದಾಕಿನಿ ಅವರಿಗೆ,

ಪಕ್ಕದಲ್ಲಿ ಯಾರಿದ್ದರೆಂದು ನೆನಪಿಲ್ಲ ಎಂದು ಬರೆದಿರಿ. ಅದೇ ಪ್ಯಾರಾದಲ್ಲಿ, ನಿಮ್ಮ ಸಂಖ್ಯೆಗೆ ಬಿಂದು ಸೇರಿದರೆ ಅರ್ಥ ಬರುತ್ತದೆ ಎಂದೂ ಬರೆದಿರಿ. ಮೊದಲನೆಯದನ್ನು ನಾನು ಓದಲಿಲ್ಲ. ಎರಡನೆಯದನ್ನು ಮೂರು ಸಲ ಓದಿದೆ.

ನಿಮ್ಮ ಹನ್ನೊಂದರ ಸೂತ್ರ ನನ್ನನ್ನು ರಾತ್ರಿಯಿಡೀ ಕಾಡಿತು. ನಮ್ಮ ಸಂಖ್ಯೆಯನ್ನು ದೇಶದ ಜನಸಂಖ್ಯೆ ಅಂದೆನಲ್ಲ; ಈ ಜನರನ್ನೆಲ್ಲ ಹನ್ನೊಂದು ಹನ್ನೊಂದು ಮಂದಿಯ ಕ್ರಿಕೆಟ್ ತಂಡ ಮಾಡಿ ನಿಲ್ಲಿಸಿದೆ ಅನ್ನಿ. ಹನ್ನೆರಡು ಕೋಟಿ ಎಂಬತ್ತೈದು ಲಕ್ಷದ ಅರವತ್ತನಾಲ್ಕು ಸಾವಿರದ ಒಂಬೈನೂರ ಇಪ್ಪತ್ತೆರಡು ತಂಡ. ಎಲ್ಲರಿಗೂ ಜಾಗ ಸಿಕ್ಕಿತು. ಒಬ್ಬ ಉಳಿದ. ಅವನು ಬೌಂಡರಿಯ ಹಗ್ಗದ ಆಚೆ, ಕೈಯಲ್ಲಿ ನೀರಿನ ಬಾಟಲಿ ಹಿಡಿದು ನಿಂತಿದ್ದಾನೆ. ಮುಖ ಗುರುತು ಸಿಕ್ಕಿತು. ಬೆಳಿಗ್ಗೆ ಗಡ್ಡ ಹೆರೆಯುವಾಗ ದಿನಾ ನೋಡುವ ಮುಖ.

ಬೇಸರದ ಮಾತಲ್ಲ, ಬರೀ ಲೆಕ್ಕದ ಮಾತು. ಮನೆಯವಳು ಹೋಗಿ ಆರು ವರ್ಷವಾಯಿತು. ಇನ್ನೂ ಒಂದೇ ಲೋಟ ಚಹಾಕ್ಕೆ ನೀರಿನ ಅಳತೆ ಸಿಕ್ಕಿಲ್ಲ. ಎರಡಾಗುತ್ತದೆ. ಒಂದನ್ನು ಕುಡಿದು, ಇನ್ನೊಂದು ಆರುವುದನ್ನು ನೋಡುತ್ತ ಭಾಗಾಕಾರ ಮಾಡುತ್ತೇನೆ. ಪೇಢೆಯೂ ಪಕ್ಕದಲ್ಲಿರುತ್ತದೆ, ಮೆದುಳಿಗೆ ಸಕ್ಕರೆ ಬೇಕಂತೆ, ಡಾಕ್ಟರರಿಗೆ ಬೇಡವಂತೆ. ಸಾವಿರದೈನೂರರ ಆಚೆ ಬಂದಿದ್ದೇನೆ. ಯಾವ ಭಾಜಕವೂ ಒಳಗೆ ಕಾಲಿಟ್ಟಿಲ್ಲ. ಅವಿಭಕ್ತ ಕುಟುಂಬಗಳೆಲ್ಲ ಒಡೆದುಹೋದ ಈ ಕಾಲದಲ್ಲಿ ಒಂದು ಸಂಖ್ಯೆಯಾದರೂ ಒಡೆಯದೆ ನಿಂತಿದೆ.

ಫೋನು ಬೇಡ ಎಂದಿರಿ. ಆಗಲಿ. ಅವಳಿ ಅವಿಭಾಜ್ಯಗಳು ನಿಮಗೆ ಗೊತ್ತಿರುವವೇ: ಹನ್ನೊಂದು ಹದಿಮೂರು, ಹದಿನೇಳು ಹತ್ತೊಂಬತ್ತು. ಎಷ್ಟು ಹತ್ತಿರ ಬಂದರೂ ನಡುವೆ ಒಂದು ಸಂಖ್ಯೆ ಬಿಟ್ಟೇ ನಿಲ್ಲುತ್ತವೆ. ನಮ್ಮ ಅವಳಿ ನಗರಕ್ಕೂ ನಡುವೆ ನವನಗರವಿದೆ. ಆದರೆ ಚಿಗರಿ ಬಸ್ಸು ಅದನ್ನು ನಲವತ್ತು ನಿಮಿಷದಲ್ಲಿ ದಾಟಿಸುತ್ತದೆ; ಈ ಪತ್ರ ನಾಲ್ಕು ದಿನ ತೆಗೆದುಕೊಳ್ಳುತ್ತದೆ. ಒಂದು ದಿನ ವಹಿ ತೆಗೆದುಕೊಂಡು ಬರಲೇ?

ಬಿಂದು


ಹುಬ್ಬಳ್ಳಿ, 18 ಮಾರ್ಚ್ 2023

ಬಿಂದುಮಾಧವ ಅವರಿಗೆ,

ಬಿಸಿಲು ಬಹಳ. ಈಗ ಬರುವುದು ಬೇಡ.

ಚಿಕ್ಕ ಭಾಜಕಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ನಿಮಗೆ ಹೇಳುವುದಿಲ್ಲ. ಈಗ ಎಲ್ಲಿಯವರೆಗೆ ಬಂದಿರಿ?

ಚಹಾಕ್ಕೆ ಮುಕ್ಕಾಲು ಲೋಟ ನೀರು ಇಟ್ಟರೆ ಒಂದು ಲೋಟ ಆಗುತ್ತದೆ, ಹಾಲು ಸೇರುತ್ತದಲ್ಲ. ನನಗೂ ಇದು ತಿಳಿಯಲು ಕೆಲವು ವರ್ಷ ಹಿಡಿಯಿತು.

ಮಂದಾಕಿನಿ


ಧಾರವಾಡ, 12 ಮೇ 2023

ಮಂದಾಕಿನಿಬಾಯಿಯವರಿಗೆ,

ಚಿಕ್ಕ ಭಾಜಕಗಳ ಬಗ್ಗೆ ಚಿಂತೆ ಬೇಡವೆಂದೂ, ನನ್ನ ಕೈಲೆಕ್ಕ ತಪ್ಪುವುದಿಲ್ಲವೆಂದೂ ಏಪ್ರಿಲ್ ಮೊದಲ ವಾರ ಬರೆದಿದ್ದೆ. ಮೇ ಒಂಬತ್ತರಂದು, ಮಂಗಳವಾರ, ಹನ್ನೊಂದು ಗಂಟೆಗೆ ಬರುತ್ತೇನೆ, ಬೇಡವಾದರೆ ಒಂದು ಕಾರ್ಡು ಹಾಕಿರಿ ಎಂದೂ ಬರೆದಿದ್ದೆ. ಕಾರ್ಡು ಬರಲಿಲ್ಲ. ಕಾರ್ಡು ಬರದಿರುವುದೇ ಒಪ್ಪಿಗೆ ಎಂದುಕೊಂಡು ಬಂದೆ. ಆರು ವಹಿ, ಒಂದು ಡಬ್ಬಿ ಪೇಢೆ, ಮತ್ತು ಇಸ್ತ್ರಿ ಮಾಡಿಸಿದ ಅಂಗಿ.

ಗಂಟೆ ಒತ್ತಿದೆ. ಒಳಗೆ ಅದು ಬಾರಿಸಿದ್ದು ನನಗೇ ಕೇಳಿಸಿತು. ಮತ್ತೆರಡು ಸಲ ಒತ್ತಿದೆ. ಕೆಳಗೆ ಸ್ಕೂಟರ್ ಒರೆಸುತ್ತಿದ್ದವರೊಬ್ಬರು ತಲೆ ಎತ್ತಿದರು.

"ಯಾರ್ ಬೇಕಾಗಿತ್ರಿ?"

"ಗಣಿತದ ಅಕ್ಕೋರು. ಇಲ್ಲೇನ್ರಿ ಊರಾಗ?"

"ನಾವು ಬಾಡಗಿಗೆ ಬಂದು ಎಂಟ್ ದಿನ ಆತ್ರಿ, ಮುತ್ತು ಅಂತ ನನ್ನ ಹೆಸರು. ಅವರು ಒಳಗ ಅದಾರ ನೋಡ್ರಿ, ಫ್ಯಾನ್ ತಿರಗಾಕತ್ತೇತಿ. ನೀವು ಗ್ಯಾಸಿನವ್ರೇನ್ರಿ?"

"ಅಲ್ರಿ. ಹಳೇ ಪರಿಚಯ."

"ಹಂಗಾರ ಕಿಡಕ್ಯಾಗಿಂದ ನೋಡಿರಬೇಕ್ ಬಿಡ್ರಿ," ಅಂದರು ಆ ಮಹಾನುಭಾವರು, ಯಾವ ಕೆಟ್ಟ ಉದ್ದೇಶವೂ ಇಲ್ಲದೆ.

ನಾನೂ ಕಿಟಕಿಯತ್ತ ನೋಡಿದೆ. ಪರದೆಯ ಅಂಚಿನಲ್ಲಿ ನಿಮ್ಮ ಮೊಣಕೈ ಕಾಣುತ್ತಿತ್ತು. ಮೇಜಿನ ಮೇಲಿತ್ತು, ಅಲುಗಲಿಲ್ಲ. ನಾಲ್ಕನೆಯ ಸಲ ಒತ್ತಲಿಲ್ಲ. ಪೇಢೆಯನ್ನು ಮೆಟ್ಟಿಲ ಮೇಲಿಟ್ಟು ಬಂದೆ.

ಬಾಗಿಲು ತೆರೆಯಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಬರುವುದು ಬೇಡ ಎಂದು ನೀವು ಮಾರ್ಚಿನಲ್ಲೇ ಬರೆದಿದ್ದಿರಿ. ಅದನ್ನು ಬಿಸಿಲಿನ ಮೇಲೆ ಹಾಕಿದ್ದು ನಿಮ್ಮ ಸಭ್ಯತೆ, ಅದನ್ನು ನಂಬಿದ್ದು ನನ್ನ ದಡ್ಡತನ. ಹತ್ತು ಸಾವಿರಕ್ಕೆ ಸ್ವಲ್ಪ ಈಚೆಗೆ ಭಾಗಾಕಾರ ನಿಲ್ಲಿಸಿದ್ದೇನೆ. ಇನ್ನು ವರದಿಗಳಿಂದ ತೊಂದರೆ ಕೊಡುವುದಿಲ್ಲ.

ಮುಕ್ಕಾಲು ಲೋಟದ ಅಳತೆ ಸರಿಯಾಗಿದೆ. ಒಂದೇ ಆಗುತ್ತದೆ. ಉಪಕಾರವಾಯಿತು.

ಬಿಂದುಮಾಧವ


ಹುಬ್ಬಳ್ಳಿ, 2 ಜುಲೈ 2023

ಬಿಂದುಮಾಧವ ಅವರಿಗೆ,

ಐವತ್ತು ದಿನ ತಡವಾಯಿತು. ಈ ಪತ್ರವನ್ನು ನಾಲ್ಕು ಸಲ ಬರೆದೆ. ನನ್ನ ಎಡಗಿವಿ ಮೂರು ವರ್ಷದ ಹಿಂದೆಯೇ ಹೋಯಿತು. ಬಲಗಿವಿ ಕಳೆದ ವರ್ಷದ ದಸರೆಯ ಹೊತ್ತಿಗೆ. ಯಂತ್ರ ಹಾಕಿಕೊಂಡರೆ ಪಾತ್ರೆ ಬಿದ್ದ ಸದ್ದು ಕೇಳುತ್ತದೆ, ಮನುಷ್ಯರ ಮಾತೂ ಬಾಗಿಲ ಗಂಟೆಯೂ ಕೇಳುವುದಿಲ್ಲ. ಎದುರಿಗೆ ಕುಳಿತು ನಿಧಾನ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತೇನೆ. ತಪ್ಪು ತಿಳಿದು ನಕ್ಕದ್ದೂ ಉಂಟು, ಸಾವಿನ ಸುದ್ದಿಗೆ. ಅಂದಿನಿಂದ ಜನರ ಎದುರಿಗೆ ಕೂರುವುದನ್ನು ಕಡಿಮೆ ಮಾಡಿದೆ.

ಫೋನು ಬೇಡ ಎಂದಾಗ ನಿಮಗೆ ನೀವು ಬೇಡ ಎಂದಂತೆ ಕೇಳಿಸಿತು. ಕಿವಿಯ ದೋಷ ನನಗೊಬ್ಬಳಿಗೇ ಇಲ್ಲ.

ಏಪ್ರಿಲಿನ ಪತ್ರ ಮುಟ್ಟಿತ್ತು. ಬರಬೇಡಿ ಎಂಬ ಕಾರ್ಡನ್ನು ಬರೆದೆ, ಹಾಕಲಿಲ್ಲ. ಬನ್ನಿ ಎಂದೂ ಬರೆಯಲಾಗಲಿಲ್ಲ. ಆ ಮಂಗಳವಾರ ಹತ್ತು ಗಂಟೆಯಿಂದ ಬಾಗಿಲಿಗೆ ಆರು ಅಡಿ ದೂರದ ಮೇಜಿನ ಹತ್ತಿರ ಕುಳಿತಿದ್ದೆ. ಬಾಗಿಲು ತೆರೆದೇ ಇಡೋಣವೆಂದು ಎರಡು ಸಲ ಎದ್ದೆ. ಕಾಯುತ್ತಿರುವಂತೆ ಕಾಣುತ್ತದೆಂದು ಮತ್ತೆ ಮುಚ್ಚಿದೆ. ಸುಮ್ಮನಿರಲಾಗದೆ ನಮ್ಮ ಸಂಖ್ಯೆಗಳನ್ನು ಹಿಂದುಮುಂದು ಮಾಡಿ ಬರೆದೆ: ನಿಮ್ಮದು ಮೊದಲು, ನನ್ನದು ಆಮೇಲೆ, 1414314142. ಹನ್ನೊಂದರಿಂದ ಭಾಗಿಸಿದರೆ ಹತ್ತು ಉಳಿಯುತ್ತದೆ. ಅಂದರೆ ಕೊನೆಯ ತಂಡಕ್ಕೆ ಒಬ್ಬರು ಕಡಿಮೆ. ಆ ಒಬ್ಬರು ಅದೇ ಹೊತ್ತಿಗೆ ಹೊರಗೆ ಗಂಟೆ ಒತ್ತುತ್ತಿದ್ದರೆಂದು ನಿಮ್ಮ ಪತ್ರದಿಂದ ತಿಳಿಯಿತು. ಡಬ್ಬಿ ಸಂಜೆ ಸಿಕ್ಕಿತು. ನನಗಿಂತ ಮೊದಲು ಇರುವೆಗಳು ಅದರ ಬಾಗಿಲು ತೆರೆದಿದ್ದವು.

ಇನ್ನೊಂದು ತಪ್ಪೊಪ್ಪಿಗೆ. 1414214143 ಅವಿಭಾಜ್ಯವಲ್ಲ. ಅದು 43 ಗುಣಿಸು 32888701. ನಿಮ್ಮ ಮೊದಲ ಪತ್ರ ಬಂದ ದಿನ, ಸಾರು ಕುದಿಯುವಷ್ಟರಲ್ಲಿ ಕಂಡುಕೊಂಡೆ. 43 ಹದಿನಾಲ್ಕನೆಯ ಭಾಜಕ. ನಿಮ್ಮ ನಾನೂರು ದಿನದ ಕೆಲಸ ಎರಡನೆಯ ದಿನವೇ ಮುಗಿಯಬೇಕಿತ್ತು. ಮೂವತ್ತಮೂರು ವರ್ಷ ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆದವಳು ಈ ಸಲ ಪೆನ್ನಿನ ಟೊಪ್ಪಿಗೆ ಮುಚ್ಚಿ ಇಟ್ಟೆ. ಗೆರೆ ಎಳೆದಿದ್ದರೆ ವರದಿ ನಿಲ್ಲುತ್ತಿತ್ತು. ನಮ್ಮ ಮನೆಗೆ ಅಂಚೆಯವರು ಬರುವುದು ನಿಮ್ಮ ಪತ್ರ ಇದ್ದಾಗ ಮಾತ್ರ.

ಹಳೇ ಹುಬ್ಬಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುವ ದಾನಿಶ ನನ್ನ ವಿದ್ಯಾರ್ಥಿ. ಈಗ ಅವನಿಗೂ ತಲೆ ಬೆಳ್ಳಗಾಗಿದೆ. ಹೋದ ವಾರ ಕರೆಸಿ, ಗಂಟೆ ಒತ್ತಿದರೆ ಮೇಜಿನ ಮೇಲೆ ದೀಪ ಹತ್ತುವ ಹಾಗೆ ಮಾಡಿಸಿದೆ. ನನ್ನ ಎದುರು ನಿಂತು, ತುಟಿ ಅಗಲಿಸಿ ಹೇಳಿದ: "ಅಕ್ಕೋರ, ಹತ್ತನೇತ್ತಾಗ ನೀವು ನನ್ನ ಫೇಲ್ ಮಾಡಿದ್ರಿ. ಇವತ್ತು ನಿಮ್ಮ ಗಂಟಿ ನಾ ಪಾಸ್ ಮಾಡೇನಿ, ನೋಡ್ರಿ." ನೀಲಿ ದೀಪ. ಇನ್ನೂ ಯಾರೂ ಹತ್ತಿಸಿಲ್ಲ. ಜುಲೈ ಹದಿನಾರು, ರವಿವಾರ, ಹನ್ನೊಂದು ಗಂಟೆ.

ಬರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಜನವರಿಯಲ್ಲಿ ನೆನಪಾಗದಿದ್ದದ್ದು ಈಗ ಮಳೆ ಶುರುವಾಗಿ ಛತ್ರಿ ತೆಗೆದಾಗ ನೆನಪಾಯಿತು. ನಮ್ಮ ಪರೀಕ್ಷೆಯ ಆ ಏಪ್ರಿಲಿನಲ್ಲಿ ಅಡ್ಡಮಳೆ ಇತ್ತು. ಏಳು ಪೇಪರೂ ನನ್ನ ಛತ್ರಿಯನ್ನು ಪಕ್ಕದ ಬಾಕಿನ ಮೇಲೆ ಮಲಗಿಸಿದ್ದೆ. ಅಲ್ಲಿ ಕುಳಿತವರು ಯಾರೂ ಆಕ್ಷೇಪಿಸಲಿಲ್ಲ, ಏಕೆಂದರೆ ಅಲ್ಲಿ ಯಾರೂ ಕುಳಿತಿರಲಿಲ್ಲ. ಕದ್ದ ಹಾಳೆ ನಿಮ್ಮ ಹತ್ತಿರವೇ ಇದೆ. 14143ರ ಮುಂದೆ ಯಾರ ಹೆಸರಿದೆ, ಓದಿ ಬರೆಯಿರಿ.

ಮಂದಾಕಿನಿ


ಧಾರವಾಡ, 7 ಜುಲೈ 2023

ಮಂದಾಕಿನಿ ಅವರಿಗೆ,

ಹದಿನಾರಕ್ಕೆ ಬರುತ್ತೇನೆ. ಉತ್ತರ ಓದಿದ ಮೇಲೂ ದೀಪಕ್ಕೆ ಏಳಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. ಆ ದಿನ ಮೂರು ಸಲ ಒತ್ತಿ, ಬಾಗಿಲು ಬಡಿಯದೆ, ನಿಮ್ಮ ಮೇಲೆ ತೀರ್ಪು ಬರೆದು ಬಸ್ಸು ಹತ್ತಿದವನು ನಾನು. ನಿಮ್ಮ ಪತ್ರ ಬಂದಾಗಿನಿಂದ ಅದಕ್ಕೊಂದು ಹಾಸ್ಯದ ಮಾತು ಹುಡುಕಿದೆ, ಸಿಗಲಿಲ್ಲ.

ಮೊದಲು 43. ನಿಮ್ಮ ಪತ್ರ ಓದಿ ಒಂದನೆಯ ವಹಿ ತೆಗೆದೆ. 41ರ ಪುಟ ಇದೆ, 47ರ ಪುಟ ಇದೆ. ನಡುವಿನ ಹಾಳೆ ಹಿಂದಿನದಕ್ಕೆ ಅಂಟಿಕೊಂಡಿದೆ. ಉಗುರಿನಿಂದ ಬಿಡಿಸಿದಾಗ ಪೇಢೆಯ ಸಕ್ಕರೆ ಉದುರಿತು, ತಲೆಯಲ್ಲಿ 43 ಎಂದು ಬರೆದ ಖಾಲಿ ಪುಟ ಸಿಕ್ಕಿತು. ತಪ್ಪದ ಕೈಲೆಕ್ಕವನ್ನು ಧಾರವಾಡದ ಕೀರ್ತಿಯೇ ತಿಂದುಹಾಕಿತ್ತು.

ಇನ್ನು ಹಾಳೆ. 14143ರ ಮುಂದೆ ಅಡಿವೆಪ್ಪ ಎಂದಿದೆ. ಇಂಗ್ಲಿಷಿನಲ್ಲಿ ಅವನ ಹೆಸರು ನನಗಿಂತ ಮೊದಲು ಬರುತ್ತದೆ. ಮಾರ್ಚಿನಲ್ಲಿ ಅವನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿ, ಪರೀಕ್ಷೆ ಬಿಟ್ಟು ಹೋದ. ಮೊದಲಿಗನಾದದ್ದು ಅದೊಂದೇ ಸಲ ಎಂದು ಬರೆದಿದ್ದೆ. ಅದೊಂದು ಸಲವೂ ಅವನೇ, ಗೈರುಹಾಜರಿಯಲ್ಲಿ. ನಾನು 14144. ನಮ್ಮ ನಡುವೆ ಒಂದು ಖಾಲಿ ಬಾಕು, ಅದರ ಮೇಲೆ ನಿಮ್ಮ ಛತ್ರಿ. ಹಿಡಿಕೆ ಗಿಳಿಯ ತಲೆಯದು, ಕೊಕ್ಕಿನ ತುದಿ ಮುರಿದಿತ್ತು. ಏಳು ಪೇಪರ್ ಆ ಗಿಳಿ ನನ್ನನ್ನು ನೋಡಿತು. ಮಸಿಯ ಹನಿ ಬಿದ್ದದ್ದೂ ಖಾಲಿ ಬಾಕಿನ ಮೇಲೆ. ಕೊನೆಯ ದಿನ ನೀವು ಎದ್ದುಹೋದ ಮೇಲೆ ಅದರ ಮೇಲೆ ನಾನೇ ತೋಳು ಒತ್ತಿದೆ. ಕಲೆ ಖರೇ. ಪಕ್ಕದಲ್ಲಿ ಕುಳಿತದ್ದು ಸುಳ್ಳು.

ಯಾಕೆಂದು ಕೇಳುತ್ತೀರಿ. ಜನವರಿಯಲ್ಲಿ ನಾನು ಮೊದಲು ಬರೆದದ್ದು ನಮ್ಮ ನಿಜವಾದ ಸಂಖ್ಯೆಯನ್ನೇ: 1414214144. ಕೊನೆಯಲ್ಲಿ ನಾಲ್ಕು. ಸಮಸಂಖ್ಯೆ. ಇದು ಅವಿಭಾಜ್ಯವಲ್ಲ ಎಂದು ಸಾಲಿಯ ಮಕ್ಕಳೂ ಹೇಳುತ್ತಾರೆ. ಮೊದಲ ಪುಟದಲ್ಲಿ, ಎರಡರಲ್ಲೇ, ಆಟ ಮುಗಿಯಿತು. ನಿಮಗೆ ಬರೆಯಲು ಏನೂ ಉಳಿಯಲಿಲ್ಲ. ನನಗೆ ನಾನೂರು ದಿನದ ಕೆಲಸ ಬೇಕಿತ್ತು. ಆದ್ದರಿಂದ ಇಲ್ಲದವನ ಬಾಕಿನಲ್ಲಿ ಹೋಗಿ ಕುಳಿತೆ. ಹಾಳೆ ಕದ್ದದ್ದು ಸಣ್ಣ ಕಳವು. ದೊಡ್ಡದು ಅಡಿವೆಪ್ಪನ ಜಾಗ.

ನಿನ್ನೆ ಆ ನಿಜವಾದ ಸಂಖ್ಯೆಯನ್ನು ಮತ್ತೆ ತೆಗೆದೆ. ಎರಡರಿಂದ ಒಂದು ಸಲವಲ್ಲ, ಒಂಬತ್ತು ಸಲ ಭಾಗವಾಗುತ್ತದೆ: ಅರ್ಧ, ಅರ್ಧದ ಅರ್ಧ, ಹೀಗೆ ಒಂಬತ್ತು ಸಲ, ಒಂದು ಚೂರೂ ಉಳಿಯದೆ. ಆಮೇಲೆ ನಿಮ್ಮ ಹನ್ನೊಂದರ ಪರೀಕ್ಷೆಗೆ ಕೂರಿಸಿದೆ. ದೇಶವೆಲ್ಲ ತಂಡ ಕಟ್ಟಿಕೊಂಡು ಹೋದ ಮೇಲೆ ಹಗ್ಗದ ಆಚೆ ಉಳಿದವರು ಈ ಸಲ ಇಬ್ಬರು.

ಸೂತ್ರದ ಪ್ರಕಾರ ಎರಡೇ ಉಳಿಯಬೇಕೆಂದು ಗೊತ್ತಿತ್ತು. ಆದರೂ ಕೈಯಿಂದ ಭಾಗಿಸಿದಾಗ ಒಮ್ಮೆ ಮೂರು ಬಂತು, ಇನ್ನೊಮ್ಮೆ ಏನೂ ಉಳಿಯಲಿಲ್ಲ. ಈ ಒಂದು ಉತ್ತರ ತಪ್ಪಾಗುವುದು ನನಗೆ ಬೇಡವಾಗಿತ್ತು. ಬಾಗಿಲಿಗೆ ಚಿಲಕ ಹಾಕಿ, ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆಗೆದು ನೋಡಿದೆ.

ಬಿಂದು, 14144